ಕೇರಂ ಪುಡಿಯ ನೆರಳು: ಕ್ಯಾಮೆರಾದಲ್ಲಿ ನ್ಯೂಟ್ರಾನ್ ಹಿಡಿಯುವ ಬಗೆ

ಎರಡು ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳನ್ನು ತೆಗೆದುಕೊಳ್ಳಿ. ಅರ್ಧ ಸೆಂಟಿಮೀಟರ್ ದಪ್ಪ ಇದ್ದರೆ ಸಾಕು. ಒಂದರಲ್ಲಿ ಕೇರಂ ಬೋರ್ಡಿನ ಮೇಲೆ ಉದುರಿಸುವ ಬೋರಿಕ್ ಪುಡಿಯನ್ನು ಒತ್ತಿ ತುಂಬಿ. ಇನ್ನೊಂದರಲ್ಲಿ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ ಸಕ್ಕರೆ. ಕಣ್ಣಿಗೆ ಎರಡೂ ಒಂದೇ ಬಿಳುಪು. ಎಕ್ಸ್-ರೇ ತೆಗೆಸಿದರೂ ಇದು ಯಾವುದು ಅದು ಯಾವುದು ಎಂದು ಹೇಳುವುದು ಕಷ್ಟ. ಅದೇ ಡಬ್ಬಿಗಳನ್ನು ನಿಧಾನಗತಿಯ ನ್ಯೂಟ್ರಾನುಗಳ ಎದುರಿಗಿಟ್ಟರೆ ಸಕ್ಕರೆ ಮಸುಕು ನೆರಳು ಬೀಳಿಸುತ್ತದೆ, ಬೋರಿಕ್ ಪುಡಿಯ ನೆರಳು ಮಾತ್ರ ಕಡುಗಪ್ಪು. ಬೋರಾನಿನ ಪ್ರತಿ ಐದು ಪರಮಾಣುಗಳಲ್ಲಿ ಸುಮಾರು ಒಂದು ಬೋರಾನ್-10. ಅದು ನ್ಯೂಟ್ರಾನನ್ನು ಕಂಡಲ್ಲೇ ನುಂಗಿಬಿಡುತ್ತದೆ.

ಈ ನೆರಳನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ ಎನ್ನುವುದೇ ಈ ಲೇಖನ. ಪ್ರಯೋಗಾಲಯದಲ್ಲಿ ಪರವಾನಗಿ ಪಡೆದ ಅಮೆರಿಸಿಯಂ-ಬೆರಿಲಿಯಂ ಆಕರ ಇಟ್ಟುಕೊಂಡಿರುವ ಭೌತಶಾಸ್ತ್ರ ವಿಭಾಗಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಇದನ್ನು ಪೂರ್ತಿ ಮಾಡಿ ನೋಡಬಹುದು. ರಾತ್ರಿ ಆಕಾಶದ ಚಿತ್ರ ತೆಗೆಯಲು ತಂಪುಗೊಳಿಸಿದ ಕ್ಯಾಮೆರಾ ಕೊಂಡಿರುವ ಹವ್ಯಾಸಿಗಳು ಇದರ ಮುಕ್ಕಾಲು ಪಾಲನ್ನು ಮನೆಯಲ್ಲೇ ಕಟ್ಟಿ ಪರೀಕ್ಷಿಸಬಹುದು. ಉಳಿದ ಕಾಲು ಪಾಲನ್ನು, ಅಂದರೆ ನ್ಯೂಟ್ರಾನ್ ಆಕರವನ್ನು, ಮನೆಗೆ ತರುವ ಮಾತೇ ಇಲ್ಲ. ನಮ್ಮ ದೇಶದಲ್ಲಿ ಅಂಥ ಆಕರ ಇಟ್ಟುಕೊಳ್ಳಲು ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಹೊಣೆ ಹೊತ್ತ ವಿಕಿರಣ ಸುರಕ್ಷತಾ ಅಧಿಕಾರಿ ಇರಬೇಕು. ಹಳೆಯ ಹೊಗೆ ಸಂವೇದಕ ಬಿಚ್ಚಿ ಅಮೆರಿಸಿಯಂ ತೆಗೆಯುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಅದರ ಪುಡಿ ಉಸಿರಿನಲ್ಲಿ ಒಳಗೆ ಹೋದರೆ ಹೊರಗೆ ತೆಗೆಯುವುದು ಬಹಳ ಕಷ್ಟ.

ಸೆನ್ಸರಿಗೆ ನ್ಯೂಟ್ರಾನ್ ಕಾಣುವುದಿಲ್ಲ

1932ರಲ್ಲಿ ಕೇಂಬ್ರಿಜ್‌ನಲ್ಲಿ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಗುರುತಿಸಿದಾಗ ಆತ ನೋಡಿದ್ದು ನ್ಯೂಟ್ರಾನನ್ನಲ್ಲ, ಮೇಣದಿಂದ ಚಿಮ್ಮಿದ ಪ್ರೋಟಾನುಗಳನ್ನು. ಇಂದಿಗೂ ಸ್ಥಿತಿ ಅದೇ. ನ್ಯೂಟ್ರಾನಿಗೆ ವಿದ್ಯುದಾವೇಶ ಇಲ್ಲ. ಕ್ಯಾಮೆರಾ ಚಿಪ್ಪಿನ ಸಿಲಿಕಾನ್ ಒಳಗಿಂದ ಅದು ಯಾರನ್ನೂ ಮುಟ್ಟದೆ ದಾಟಿ ಹೋಗುತ್ತದೆ. ಮೊಬೈಲ್ ಕ್ಯಾಮೆರಾಕ್ಕೆ ಕಪ್ಪು ಟೇಪ್ ಅಂಟಿಸಿ ವಿಕಿರಣ ಎಣಿಸುವ ಆ್ಯಪ್‌ಗಳಿವೆಯಲ್ಲ, ಅವು ಎಣಿಸುವುದು ಗಾಮಾ ಕಿರಣಗಳನ್ನು. ನ್ಯೂಟ್ರಾನಿಗೆ ಅವು ಕುರುಡು.

ಹಾಗಾಗಿ ನಡುವೆ ಒಬ್ಬ ದುಭಾಷಿ ಬೇಕು. ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಕೆಯಲ್ಲಿರುವವು ಮೂರು: ಲೀಥಿಯಂ-6, ಬೋರಾನ್-10, ಗೆಡೊಲಿನಿಯಂ. ಲೀಥಿಯಂ-6 ನಿಧಾನ ನ್ಯೂಟ್ರಾನನ್ನು ನುಂಗಿದರೆ ಒಡೆದು ಒಂದು ಆಲ್ಫಾ ಕಣವಾಗಿಯೂ ಒಂದು ಟ್ರೈಟಾನ್ ಆಗಿಯೂ ಎರಡು ದಿಕ್ಕಿಗೆ ಹಾರುತ್ತದೆ. ಎರಡಕ್ಕೂ ಸೇರಿ ಸುಮಾರು 48 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಒಳಗೆ ಬಂದ ನಿಧಾನ ನ್ಯೂಟ್ರಾನಿನ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ನಲವತ್ತನೇ ಒಂದು ಭಾಗ ಮಾತ್ರ ಎಂಬುದನ್ನು ನೆನೆದರೆ ಈ ಸಿಡಿತ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಪಕ್ಕದಲ್ಲೇ ಸತುವಿನ ಸಲ್ಫೈಡಿನ ಪುಡಿ ಇದ್ದರೆ ಈ ಕಣಗಳು ಅದಕ್ಕೆ ಬಡಿದು ನೀಲಿ ಬೆಳಕಿನ ಮಿಂಚು ಹೊರಡುತ್ತದೆ. ಒಂದು ನ್ಯೂಟ್ರಾನಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಫೋಟಾನು. ಲೀಥಿಯಂ ಫ್ಲೋರೈಡ್ ಮತ್ತು ಬೆಳ್ಳಿ ಬೆರೆಸಿದ ಸತುವಿನ ಸಲ್ಫೈಡನ್ನು ಕಲಸಿ ತೆಳುವಾಗಿ ಬಳಿದ ಬಿಳಿ ಹಾಳೆಯನ್ನೇ ಲ್ಯಾಬುಗಳಲ್ಲಿ ಸಿಂಟಿಲೇಟರ್ ಪರದೆ ಎನ್ನುತ್ತಾರೆ. ಇಲ್ಲಿ ಮಿನುಗುಪರದೆ ಎಂದು ಕರೆಯೋಣ.

ಗೆಡೊಲಿನಿಯಂ ಆಧರಿಸಿದ ಹಸಿರು ಮಿನುಗುಪರದೆಗಳೂ ಇವೆ. ಅವು ಹತ್ತಿಪ್ಪತ್ತು ಮೈಕ್ರಾನಿನಷ್ಟು ತೆಳು ಇರಬಲ್ಲವು, ಹಾಗಾಗಿ ಬಹಳ ಸೂಕ್ಷ್ಮ ಚಿತ್ರ ಕೊಡುತ್ತವೆ. ಆದರೆ ಪ್ರತಿ ನ್ಯೂಟ್ರಾನಿಗೆ ಕೊಡುವ ಬೆಳಕು ಬಹಳ ಕಡಿಮೆ, ಗಾಮಾ ಕಿರಣಕ್ಕೂ ಮಿನುಗುವ ಚಾಳಿ ಬೇರೆ. ಅಮೆರಿಸಿಯಂ ಆಕರದಿಂದ ಗಾಮಾ ಹೊಮ್ಮುತ್ತಲೇ ಇರುತ್ತದೆ. ಮೊದಲ ಸಲ ಕೈಹಾಕುವವರು ಲೀಥಿಯಂ ಪರದೆಯನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಲು ಮಿಲಿಮೀಟರ್ ದಪ್ಪದ ಪರದೆ ತನ್ನ ಮೇಲೆ ಬಿದ್ದ ನಿಧಾನ ನ್ಯೂಟ್ರಾನುಗಳಲ್ಲಿ ಐದಕ್ಕೆ ಒಂದನ್ನು ಹಿಡಿದರೂ ಕೆಲಸ ನಡೆಯುತ್ತದೆ. ದಪ್ಪ ಹೆಚ್ಚಿದಷ್ಟೂ ಹೆಚ್ಚು ನ್ಯೂಟ್ರಾನ್ ಸಿಕ್ಕರೂ ಚಿತ್ರ ಮಂಕಾಗುತ್ತದೆ, ಯಾಕೆಂದರೆ ಚಿತ್ರದ ಚೂಪು ಹೆಚ್ಚುಕಡಿಮೆ ಪರದೆಯ ದಪ್ಪದಷ್ಟೇ. ಲೀಥಿಯಂ-6 ಹೆಚ್ಚಿಸಿದ ಸಾಮಗ್ರಿ ರಫ್ತು ನಿಯಂತ್ರಣಕ್ಕೆ ಒಳಪಟ್ಟದ್ದು. ವಿದೇಶದಿಂದ ತರಿಸುವುದಾದರೆ ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಕೊಳ್ಳುವುದರಲ್ಲಿ ಮೊದಲ ಆರ್ಡರ್ ಅದರದ್ದೇ ಆಗಲಿ, ಕ್ಯಾಮೆರಾದ್ದಲ್ಲ.

ಮೊದಲು ಓಟ ನಿಲ್ಲಿಸಬೇಕು

ಅಮೆರಿಸಿಯಂ-ಬೆರಿಲಿಯಂ ಆಕರದಿಂದ ಹೊರಬೀಳುವ ನ್ಯೂಟ್ರಾನಿನ ಸರಾಸರಿ ಶಕ್ತಿ ಸುಮಾರು 40 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಸೆಕೆಂಡಿಗೆ 27 ಸಾವಿರ ಕಿಲೋಮೀಟರಿಗೂ ಮೀರಿದ ಓಟ. ಅಷ್ಟು ವೇಗದಲ್ಲಿ ಓಡುವುದನ್ನು ಲೀಥಿಯಂ ಅಷ್ಟಾಗಿ ಹಿಡಿಯಲಾರದು. ಅದನ್ನು ಸೆಕೆಂಡಿಗೆ ಎರಡು ಕಿಲೋಮೀಟರ್ ಚಿಲ್ಲರೆಗೆ ಇಳಿಸಬೇಕು. ಹೈಡ್ರೋಜನ್ ಇರುವ ವಸ್ತುವೇ ಇದಕ್ಕೆ ಮದ್ದು: ಪ್ಯಾರಾಫಿನ್ ಮೇಣ ಅಥವಾ ಗಟ್ಟಿ ಪಾಲಿಥೀನ್. ಪ್ರೋಟಾನಿಗೂ ನ್ಯೂಟ್ರಾನಿಗೂ ತೂಕ ಸಮ, ಹಾಗಾಗಿ ಒಂದೊಂದು ಡಿಕ್ಕಿಗೂ ಶಕ್ತಿ ಕರಗುತ್ತದೆ. ಇಪ್ಪತ್ತರ ಹತ್ತಿರ ಡಿಕ್ಕಿಗಳಾದರೆ ಅದು ಕೋಣೆಯ ಗಾಳಿಯಷ್ಟೇ ಬೆಚ್ಚಗಾಗಿ ತೇಲಾಡತೊಡಗುತ್ತದೆ. ಆಕರ ಮತ್ತು ಪರದೆಯ ನಡುವೆ ಐದು ಸೆಂಟಿಮೀಟರ್ ಪಾಲಿಥೀನ್, ಸುತ್ತಲೂ ಹಿಂದೆಯೂ ಅದಕ್ಕಿಂತ ಬಹಳ ದಪ್ಪ. ಒಂದು ಕ್ಯೂರಿ ಆಕರ ಸೆಕೆಂಡಿಗೆ ಸುಮಾರು 22 ಲಕ್ಷ ನ್ಯೂಟ್ರಾನ್ ಉಗುಳುತ್ತದೆ. ಇಷ್ಟು ಹತ್ತಿರದಲ್ಲಿ ಪರದೆಯ ಮೇಲೆ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸಾವಿರ ನಿಧಾನ ನ್ಯೂಟ್ರಾನ್ ಸಿಕ್ಕಿತು ಎಂದಿಟ್ಟುಕೊಂಡು ಮುಂದಿನ ಲೆಕ್ಕ ಮಾಡೋಣ.

ಆಕರವನ್ನು ಎತ್ತಿಡುವ ಕೆಲಸ ಯಾವಾಗಲೂ ತರಬೇತಿ ಪಡೆದವರದ್ದೇ. ಇನ್ನೊಂದು ಮಾತು. ಗಾಮಾ ಅಳೆಯಲೆಂದು ಎದೆಗೆ ಸಿಕ್ಕಿಸುವ ಮಾಮೂಲಿ ಬ್ಯಾಡ್ಜ್ ವೇಗದ ನ್ಯೂಟ್ರಾನಿನ ಡೋಸನ್ನು ಸರಿಯಾಗಿ ಹೇಳುವುದಿಲ್ಲ. ಅದಕ್ಕೆ ಸಿಆರ್-39 ಪ್ಲಾಸ್ಟಿಕ್ ಇರುವ ಬ್ಯಾಡ್ಜ್ ಬೇರೆ. ಕೇಳಿ ಪಡೆದುಕೊಳ್ಳಿ.

ಬೆಳಕು ಸೋರಿಹೋಗುವುದು ಲೆನ್ಸಿನಲ್ಲಿ

ಒಂದು ನ್ಯೂಟ್ರಾನಿಗೆ ಒಂದೂವರೆ ಲಕ್ಷ ಫೋಟಾನ್ ಎಂದ ಕೂಡಲೇ ಇನ್ನೇನು ಬೇಕು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತದೆ, ಲೆನ್ಸಿನ ಕಿಂಡಿಗೆ ಬೀಳುವುದು ಹನಿಯಷ್ಟು. ಎಷ್ಟು ಹನಿ ಎಂದು ಕೊಳ್ಳುವ ಮೊದಲೇ ಲೆಕ್ಕ ಮಾಡಬಹುದು. ಚಿತ್ರ ಎಷ್ಟಕ್ಕೆ ಕುಗ್ಗುತ್ತದೋ ಆ ಪ್ರಮಾಣವನ್ನು ತೆಗೆದುಕೊಳ್ಳಿ. ಅದನ್ನು ಲೆನ್ಸಿನ ಎಫ್ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. ಒಂದಕ್ಕೆ ಅದೇ ಪ್ರಮಾಣ ಕೂಡಿಸಿ, ಬಂದ ಸಂಖ್ಯೆಯಿಂದ ಮತ್ತೆ ಭಾಗಿಸಿ. ಉತ್ತರವನ್ನು ವರ್ಗ ಮಾಡಿ.

ಒಂದು ಉದಾಹರಣೆ ನೋಡಿ. ಹವ್ಯಾಸಿ ಖಗೋಳ ಕ್ಯಾಮೆರಾಗಳಲ್ಲಿ ಬಳಕೆಯಲ್ಲಿರುವ ಸೋನಿ ಐಎಂಎಕ್ಸ್183 ಸೆನ್ಸರಿನ ಅಗಲ 13.2 ಮಿಲಿಮೀಟರ್, ಎತ್ತರ 8.8 ಮಿಲಿಮೀಟರ್, ಒಂದು ಪಿಕ್ಸೆಲ್ 2.4 ಮೈಕ್ರಾನ್. ಇದರಲ್ಲಿ ಹದಿಮೂರು ಸೆಂಟಿಮೀಟರ್ ಅಗಲದ ಪರದೆ ಪೂರ್ತಿ ಕಾಣಬೇಕೆಂದರೆ ಚಿತ್ರ ಹತ್ತನೇ ಒಂದಕ್ಕೆ ಕುಗ್ಗಬೇಕು. ಎಫ್ 1.4 ಲೆನ್ಸಿಗೆ ಲೆಕ್ಕ ಹಾಕಿದರೆ ಬರುವುದು 0.001. ಕ್ಯಾಮೆರಾದ ಕಡೆಗೆ ಹೊರಟ ಸಾವಿರ ಫೋಟಾನಿನಲ್ಲಿ ಒಂದು ಮಾತ್ರ ಒಳಗೆ. ಪರದೆಯ ಬೆಳಕಿನಲ್ಲಿ ಅರ್ಧ ಹಿಂದಕ್ಕೆ ಹೋಗಿ ಎಂಬತ್ತು ಸಾವಿರ ಉಳಿಯಿತು ಎನ್ನಿ. ಲೆನ್ಸಿಗೆ ಬಂದದ್ದು ಎಂಬತ್ತು. ಗಾಜು, ಕನ್ನಡಿಗಳಲ್ಲಿ ಒಂದಿಷ್ಟು ಹೋಗಿ, ಸೆನ್ಸರ್ ಮುಕ್ಕಾಲು ಪಾಲನ್ನು ಹಿಡಿದರೆ ಕೊನೆಗೆ ಸಿಗುವುದು ಐವತ್ತು ಎಲೆಕ್ಟ್ರಾನ್. ಆ ಐವತ್ತೂ ಒಂದೇ ಪಿಕ್ಸೆಲ್‌ನಲ್ಲಿ ಕೂರುವುದಿಲ್ಲ. ಕಾಲು ಮಿಲಿಮೀಟರಿನ ಹತ್ತಿರದ ಮಸುಕು ಚುಕ್ಕೆ ಅರವತ್ತಕ್ಕೂ ಹೆಚ್ಚು ಪಿಕ್ಸೆಲ್ ಮೇಲೆ ಹರಡಿರುತ್ತದೆ. ಓದುವಾಗ ಒಂದೊಂದು ಪಿಕ್ಸೆಲ್ ತನ್ನ ಒಂದೆರಡು ಎಲೆಕ್ಟ್ರಾನಿನ ಗದ್ದಲ ಸೇರಿಸುತ್ತದೆ. ಅರವತ್ತರದ್ದೂ ಸೇರಿ ಆ ಗದ್ದಲ ಹದಿಮೂರರ ಆಸುಪಾಸು. ಅಂದರೆ ಚುಕ್ಕೆ ಕಾಣುತ್ತದೆ, ಕಷ್ಟಪಟ್ಟು.

ಈಗ ಅದೇ ಲೆನ್ಸಿನ ಬದಲು ಎಫ್ 2.8 ಹಾಕಿ. ಐವತ್ತು ಹೋಗಿ ಹನ್ನೆರಡಾಗುತ್ತದೆ. ಹದಿಮೂರರ ಗದ್ದಲದಲ್ಲಿ ಹನ್ನೆರಡು ಮುಳುಗಿಹೋಯಿತು. ಇನ್ನೂ ದುಬಾರಿ ಸೆನ್ಸರ್ ತಂದರೂ ಅದಾಗಲೇ ಮುಕ್ಕಾಲು ಪಾಲು ಹಿಡಿಯುತ್ತಿರುವಾಗ ಉಳಿದಿರುವ ಲಾಭ ಕಾಲು ಪಾಲು ಮಾತ್ರ. ಲೆನ್ಸಿನಲ್ಲಿ ಈ ಒಂದು ಬದಲಾವಣೆಗೆ ನಾಲ್ಕು ಪಟ್ಟು ಹೋಗುತ್ತದೆ, ನಾಲ್ಕು ಪಟ್ಟು ಬರುತ್ತದೆ. ಕೈಯಲ್ಲಿರುವ ಹಣವನ್ನು ಸೆನ್ಸರಿಗೆ ಸುರಿದು ಲೆನ್ಸಿಗೆ ಹಳೆಯದೇನೋ ಇದೆ ಎಂದು ಸುಮ್ಮನಾಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹಣ ಖರ್ಚಿಲ್ಲದ ಇನ್ನೊಂದು ದಾರಿಯೂ ಇದೆ: ಪರದೆಯನ್ನೇ ಚಿಕ್ಕದು ಮಾಡುವುದು. ನಾಲ್ಕು ಸೆಂಟಿಮೀಟರ್ ಅಗಲ, ಎರಡೂವರೆ ಎತ್ತರ ಸಾಕು ಎಂದು ಒಪ್ಪಿಕೊಂಡರೆ ಚಿತ್ರ ಮೂರನೇ ಒಂದಕ್ಕೆ ಕುಗ್ಗಿದರಾಯಿತು. ಲೆಕ್ಕ ಹಾಕಿ ನೋಡಿ, ಬೆಳಕು ಏಳು ಪಟ್ಟಿಗೂ ಹೆಚ್ಚಾಗುತ್ತದೆ. ಐವತ್ತು ಎಲೆಕ್ಟ್ರಾನ್ ಇದ್ದದ್ದು ಮುನ್ನೂರೈವತ್ತು ದಾಟುತ್ತದೆ. ಚುಕ್ಕೆ ಹೆಚ್ಚು ಪಿಕ್ಸೆಲ್‌ಗಳಿಗೆ ಹರಡಿದರೂ ಗದ್ದಲಕ್ಕಿಂತ ಎಂಟು ಪಟ್ಟು ಎತ್ತರಕ್ಕೆ ನಿಲ್ಲುತ್ತದೆ. ಮೊದಲ ಪೆಟ್ಟಿಗೆಯನ್ನು ಈ ಅಳತೆಗೇ ಕಟ್ಟಿ. ಐವತ್ತು ಮಿಲಿಮೀಟರ್ ಲೆನ್ಸಾದರೆ ಲೆನ್ಸಿನಿಂದ ಪರದೆಗೆ ದಾರಿ ಇಪ್ಪತ್ತು ಸೆಂಟಿಮೀಟರ್. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸುಮಾರು ಹದಿನೇಳು ಮಿಲಿಮೀಟರಿನ ವಿಸ್ತರಣಾ ಬಳೆ ಬೇಕು. ಕಪ್ಪು-ಬಿಳುಪು ಸೆನ್ಸರನ್ನೇ ಕೊಳ್ಳಿ. ಬಣ್ಣದ ಸೆನ್ಸರಿನಲ್ಲಿ ನೀಲಿ ಬೆಳಕು ಚೆನ್ನಾಗಿ ಇಳಿಯುವುದು ನಾಲ್ಕು ಪಿಕ್ಸೆಲ್‌ಗೆ ಒಂದರಲ್ಲಿ.

ಫೋಕಸ್ ಮಾಡುವಾಗ ಒಂದು ಎಚ್ಚರ. ಪರದೆ ಮಿನುಗುವುದು ಸುಮಾರು 450 ನ್ಯಾನೋಮೀಟರಿನ ನೀಲಿಯಲ್ಲಿ. ಕಿಂಡಿ ಪೂರ್ತಿ ತೆರೆದ ಲೆನ್ಸಿನಲ್ಲಿ ಬಿಳಿ ಬೆಳಕಿನ ಫೋಕಸ್ಸೇ ಬೇರೆ, ನೀಲಿಯದ್ದೇ ಬೇರೆ. ಪರದೆಯ ಜಾಗದಲ್ಲಿ ಸಣ್ಣ ಅಕ್ಷರದ ಮುದ್ರಿತ ಕಾಗದ ಇಟ್ಟು, ನೀಲಿ ಎಲ್‌ಇಡಿ ಬೆಳಗಿಸಿ, ಅಕ್ಷರದ ಅಂಚು ಚೂಪಾಗುವವರೆಗೆ ಲೆನ್ಸಿನ ಫೋಕಸ್ ಬಳೆ ತಿರುಗಿಸಿ, ಆಮೇಲೆ ಅದು ಅಲುಗದಂತೆ ಟೇಪ್ ಸುತ್ತಿಬಿಡಿ.

ಕತ್ತಲೆಯ ಪೆಟ್ಟಿಗೆ

ಕ್ಯಾಮೆರಾ ನೇರವಾಗಿ ಆಕರವನ್ನು ನೋಡುವಂತಿಲ್ಲ. ಗಾಮಾ ಕಿರಣ ಚಿಪ್ಪಿಗೆ ಬಡಿದು ಚಿತ್ರದ ತುಂಬ ಬಿಳಿ ಚುಕ್ಕೆ ಎರಚುತ್ತದೆ. ಅದಕ್ಕಾಗಿ ಪೆಟ್ಟಿಗೆ ಮೊಣಕೈಯಂತೆ ಬಾಗಿರಬೇಕು: ಒಂದು ತುದಿಗೆ ಪರದೆ, ಬಾಗಿನಲ್ಲಿ 45 ಡಿಗ್ರಿಗೆ ಕನ್ನಡಿ, ಇನ್ನೊಂದು ತುದಿಗೆ ಲೆನ್ಸು ಮತ್ತು ಕ್ಯಾಮೆರಾ. ಮನೆಯ ಕನ್ನಡಿ ಬೇಡ. ಅದರಲ್ಲಿ ಗಾಜಿನ ಮೇಲ್ಮೈ ಒಂದು, ಹಿಂದಿನ ಲೇಪ ಒಂದು, ಎರಡು ಬಿಂಬ ಬೀಳುತ್ತವೆ. ನ್ಯೂಟನ್ ಮಾದರಿಯ ದೂರದರ್ಶಕದಲ್ಲಿ ಓರೆಯಾಗಿ ಕೂರುವ ಚಪ್ಪಟೆ ಕನ್ನಡಿಗೆ ಮುಂಭಾಗದಲ್ಲೇ ಅಲ್ಯೂಮಿನಿಯಂ ಲೇಪ ಇರುತ್ತದೆ. ಐದು ಸೆಂಟಿಮೀಟರ್ ಅಗಲದ್ದು ಈ ಅಳತೆಗೆ ಸರಿಯಾಗಿ ಒದಗುತ್ತದೆ. ಕ್ಯಾಮೆರಾ ಮತ್ತು ಆಕರದ ನಡುವೆ ಸೀಸದ ಇಟ್ಟಿಗೆ. ಪರದೆಯ ಮುಂದೆ ಎರಡು ಮಿಲಿಮೀಟರ್ ಸೀಸದ ತಗಡು ಇಟ್ಟರೆ ಅಮೆರಿಸಿಯಂನ 60 ಸಾವಿರ ಎಲೆಕ್ಟ್ರಾನ್ ವೋಲ್ಟಿನ ಗಾಮಾ ನಿಲ್ಲುತ್ತದೆ, ನ್ಯೂಟ್ರಾನಿಗೆ ಅದು ಗಾಜಿನ ಕಿಟಕಿಯಂತೆ. ಪೆಟ್ಟಿಗೆಗೆ ಅಲ್ಯೂಮಿನಿಯಂ ತಗಡೇ ಒಳ್ಳೆಯದು. ಪ್ಲೈವುಡ್ಡಿನಲ್ಲಿ ಹೈಡ್ರೋಜನ್ ಇರುವುದರಿಂದ ನ್ಯೂಟ್ರಾನುಗಳನ್ನು ಅತ್ತಿತ್ತ ಚದುರಿಸುತ್ತದೆ. ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ.

ಕತ್ತಲೆ ಎಂದರೆ ಎಂಥ ಕತ್ತಲೆ ಎನ್ನುವುದು ಕಟ್ಟಿದ ಮೇಲೆಯೇ ಅರ್ಥವಾಗುವುದು. ನಾವು ಕಟ್ಟಿದ ಮೊದಲ ಪೆಟ್ಟಿಗೆಯಲ್ಲಿ ಐದು ನಿಮಿಷದ ಚಿತ್ರಗಳಲ್ಲೆಲ್ಲ ಒಂದು ಮೂಲೆಯಿಂದ ಬೀಸಣಿಗೆಯಂತೆ ಬೆಳಕು ಹರಡಿತ್ತು. ಆಕರ ಮುಚ್ಚಿದ್ದರೂ ಇತ್ತು. ಕೀಲು ಕೀಲಿಗೂ ಎರಡೆರಡು ಸುತ್ತು ಟೇಪ್ ಹಾಕಿದೆವು. ಕಡಿಮೆಯಾಗಲಿಲ್ಲ. ಒಂದು ದಿನ ತಡವಾಗಿ, ಸಂಜೆ ಏಳರ ನಂತರ ತೆಗೆದ ಚಿತ್ರದಲ್ಲಿ ಆ ಬೀಸಣಿಗೆ ಮಾಯ. ಮರುದಿನ ಬೆಳಿಗ್ಗೆ ಮತ್ತೆ ಹಾಜರ್. ಕಿಟಕಿಯ ಬಿಸಿಲು ಎಲ್ಲಿಂದಲೋ ನುಸುಳುತ್ತಿತ್ತು. ಕೊನೆಗೆ ಸಿಕ್ಕಿಬಿದ್ದದ್ದು ಲೆನ್ಸಿನ ವಿಸ್ತರಣಾ ಬಳೆ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟರಿನಿಂದ ಮಾಡಿಸಿದ್ದು. ಕಣ್ಣಿಗೆ ಅದು ಕಗ್ಗಪ್ಪು, ಅವಕೆಂಪು ಬೆಳಕಿಗೆ ಮಾತ್ರ ಜರಡಿ. ನಮ್ಮ ಸೆನ್ಸರಿನ ಎದುರು ಅವಕೆಂಪು ತಡೆಯುವ ಗಾಜು ಇರಲಿಲ್ಲ. ಬಳೆಯ ಸುತ್ತ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಲೆನ್ಸಿಗೆ ಅವಕೆಂಪು ತಡೆಯುವ ಫಿಲ್ಟರ್ ಹಾಕಿದ ಮೇಲೆ ಬೀಸಣಿಗೆ ಹೋಯಿತು.

ಆದ್ದರಿಂದ ಕತ್ತಲೆಯನ್ನು ಹಗಲಿನಲ್ಲೇ ಪರೀಕ್ಷಿಸಿ. ಪೆಟ್ಟಿಗೆಯನ್ನು ಬಿಸಿಲು ಬೀಳುವ ಜಗಲಿಯಲ್ಲಿಟ್ಟು ಐದು ನಿಮಿಷದ ಒಂದು ಚಿತ್ರ, ಅದೇ ತಾಪಮಾನದಲ್ಲಿ ರಾತ್ರಿ ಕಂಬಳಿ ಹೊದಿಸಿ ಒಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಏನೂ ಉಳಿಯಬಾರದು. ಈ ಪರೀಕ್ಷೆಗೆ ನ್ಯೂಟ್ರಾನೂ ಬೇಡ, ಅನುಮತಿಯೂ ಬೇಡ. ಪೆಟ್ಟಿಗೆಯಲ್ಲಿ ಪರದೆಯ ಎದುರು ನ್ಯೂಟ್ರಾನ್ ಒಳಬರುವ ಕಿಟಕಿಗೆ ಅಡುಗೆಮನೆಯ ಫಾಯಿಲ್ ಒಂದೇ ಪದರ ಹಾಕಿದರೆ ಸೂಜಿಮೊನೆಯ ತೂತುಗಳಿರುತ್ತವೆ, ಎರಡು ಪದರ ಹಾಕಿ.

ಮಿನುಗುಪರದೆಗೂ ಒಂದು ಸ್ವಭಾವವಿದೆ. ಟ್ಯೂಬ್‌ಲೈಟಿನ ಕೆಳಗೆ ಅದನ್ನು ಹೊರತೆಗೆದರೆ ಆ ಬೆಳಕನ್ನು ಕುಡಿದು ಗಂಟೆಗಟ್ಟಲೆ ತಾನೇ ಮಂದವಾಗಿ ಹೊಳೆಯುತ್ತಿರುತ್ತದೆ. ಕೆಂಪು ದೀಪದಲ್ಲಿ ಕೂರಿಸಿ, ಪೆಟ್ಟಿಗೆ ಮುಚ್ಚಿ, ಒಂದು ರಾತ್ರಿ ಬಿಟ್ಟು ಕೆಲಸ ಶುರುಮಾಡಿ.

ಚುಕ್ಕೆ ಹೆಕ್ಕುವ ಕೆಲಸ

ಸೆನ್ಸರನ್ನು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಸಿ. ಬಿಸಿಯಿಂದ ಹುಟ್ಟುವ ಹುಸಿ ಎಲೆಕ್ಟ್ರಾನುಗಳು ಪ್ರತಿ ಆರೇಳು ಡಿಗ್ರಿಗೆ ಅರ್ಧವಾಗುತ್ತ ಹೋಗುತ್ತವೆ. ಪ್ರತಿ ಸಲವೂ ಅದೇ ತಾಪಮಾನ, ಅದೇ ಅವಧಿಯ ಕತ್ತಲೆ ಚಿತ್ರಗಳನ್ನು ಹತ್ತಿಪ್ಪತ್ತು ತೆಗೆದು ಸರಾಸರಿ ಮಾಡಿ ಕಳೆಯಬೇಕು. ಖಗೋಳ ಛಾಯಾಗ್ರಾಹಕರಿಗೆ ಇದು ದಿನನಿತ್ಯದ ಮಾತು.

ಅವರಿಗೆ ಗೊತ್ತಿರುವ ಇನ್ನೊಂದು ಅಭ್ಯಾಸ ಮಾತ್ರ ಇಲ್ಲಿ ಅಪಾಯಕಾರಿ. ಹತ್ತು ಚಿತ್ರ ತೆಗೆದು ಪ್ರತಿ ಪಿಕ್ಸೆಲ್‌ನ ನಡುಬೆಲೆ ಆರಿಸಿದರೆ ಗಾಮಾದ ಬಿಳಿ ಚುಕ್ಕೆಗಳು ಅಳಿಸಿಹೋಗುತ್ತವೆ. ರಿಯಾಕ್ಟರಿನ ದಟ್ಟ ಕಿರಣದ ಎದುರು ಇದು ಸರಿಯಾದ ದಾರಿ. ನಮ್ಮ ದುರ್ಬಲ ಆಕರದಲ್ಲಿ ನ್ಯೂಟ್ರಾನೂ ಒಂದೊಂದೇ ಚುಕ್ಕೆ. ಒಂದು ಜಾಗದಲ್ಲಿ ಹತ್ತು ಚಿತ್ರಕ್ಕೆ ಒಂದು ಸಲ ಮಿನುಗಿದ್ದನ್ನು ನಡುಬೆಲೆ ಕಸವೆಂದು ಗುಡಿಸಿಬಿಡುತ್ತದೆ. ಹಾಗೆ ಗುಡಿಸಿ, ನ್ಯೂಟ್ರಾನ್ ಇಲ್ಲವೇ ಇಲ್ಲ ಎಂದು ಒಂದಿಡೀ ವಾರ ತಲೆ ಕೆಡಿಸಿಕೊಂಡದ್ದು ನೆನಪಿದೆ.

ಇದಕ್ಕೆ ಪರಿಹಾರ ಚುಕ್ಕೆಯ ಆಕಾರದಲ್ಲಿದೆ. ಚಿಪ್ಪಿಗೇ ನೇರ ಬಡಿದ ಗಾಮಾ ಒಂದು, ಎರಡು, ಮೂರು ಪಿಕ್ಸೆಲ್‌ಗಳಲ್ಲಿ ಚೂಪಾಗಿ ಉರಿಯುತ್ತದೆ. ಆಕಾಶದಿಂದ ಬರುವ ಮ್ಯೂಯಾನ್ ಕಣಗಳು, ಅವೂ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಇಳಿಯುತ್ತಲೇ ಇರುತ್ತವೆ, ಚುಕ್ಕೆಯನ್ನೋ ಸಣ್ಣ ಗೀರನ್ನೋ ಬಿಡುತ್ತವೆ. ನ್ಯೂಟ್ರಾನಿನ ಮಿಂಚು ಪರದೆಯ ಪುಡಿಯೊಳಗೆ ಹರಡಿ, ಲೆನ್ಸ್ ದಾಟಿ ಬಂದಿರುತ್ತದೆ, ಹಾಗಾಗಿ ಅದು ಇಪ್ಪತ್ತೈದು ಮೂವತ್ತು ಪಿಕ್ಸೆಲ್ ಅಗಲದ, ಅಂಚು ಮಾಸಿದ ದುಂಡು ಮೋಡ. ಕಂಪ್ಯೂಟರಿನ ಪರದೆಯ ಮೇಲೆ ಜೋಳದ ರೊಟ್ಟಿಯ ಹಿಟ್ಟು ಸಣ್ಣಗೆ ಉದುರಿದಂತೆ ಕಾಣುತ್ತದೆ ಮೊದಲ ಚಿತ್ರ. ಪ್ರೋಗ್ರಾಂ ಬರೆಯುವವರು ಮೊದಲು ಒಂಟಿ ಪಿಕ್ಸೆಲ್‌ನ ಚೂಪುಗಳನ್ನು ತೆಗೆದು, ನಂತರ ಮೋಡದ ಅಗಲಕ್ಕೆ ಹೊಂದುವಂತೆ ಚಿತ್ರವನ್ನು ಮಂಕುಮಾಡಿ, ಉಳಿದ ದಿಬ್ಬಗಳನ್ನು ಎಣಿಸಿ ಒಂದೊಂದರ ನಡುಬಿಂದು ಬರೆದಿಟ್ಟುಕೊಳ್ಳಲಿ.

ಮೋಡಗಳು ಒಂದರ ಮೇಲೊಂದು ಬೀಳದಂತೆ ಅವಧಿ ಚಿಕ್ಕದಿರಬೇಕು. ನಮ್ಮ ಲೆಕ್ಕದಂತೆ ಹತ್ತು ಚದರ ಸೆಂಟಿಮೀಟರ್ ಪರದೆಯಲ್ಲಿ ಸೆಕೆಂಡಿಗೆ ಎರಡು ಸಾವಿರ ಮಿಂಚು. ಒಂದು ಸೆಕೆಂಡಿನ ಚಿತ್ರದಲ್ಲಿ ಅವು ಬಿಡಿಬಿಡಿಯಾಗಿ ಕಾಣುತ್ತವೆ, ಒಂದು ನಿಮಿಷ ಬಿಟ್ಟರೆ ಕಲಸಿಹೋಗುತ್ತವೆ. ಒಂದು ಸೆಕೆಂಡಿನ ಸಾವಿರಾರು ಚಿತ್ರ ತೆಗೆದು ಎಣಿಕೆಗಳನ್ನು ಕೂಡಿಸುತ್ತ ಹೋಗಿ. ನೂರು ಎಣಿಕೆ ಇದ್ದಲ್ಲಿ ಹತ್ತರಷ್ಟು ಏರುಪೇರು ಸಹಜ. ಒಂದು ಮಿಲಿಮೀಟರ್ ಚೌಕಕ್ಕೆ ನೂರು ಎಣಿಕೆ ಐವತ್ತು ಸೆಕೆಂಡಿನಲ್ಲಿ ಸಿಗುತ್ತದೆ. ಚೌಕವನ್ನು 0.2 ಮಿಲಿಮೀಟರಿಗೆ ಇಳಿಸಿದರೆ ಇಪ್ಪತ್ತು ನಿಮಿಷ ಕಾಯಬೇಕು.

ಸೆನ್ಸರಿನ ಮೇಲೇ ಬೋರಾನ್ ಬಳಿದರೆ?

ಲೆನ್ಸೇ ಬೇಡ, ಚಿಪ್ಪಿನ ಮೇಲೇ ಬೋರಾನ್ ಬಳಿದರಾಗದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಗುತ್ತದೆ. ಬೋರಾನ್-10 ಒಡೆದಾಗ ಬರುವ ಆಲ್ಫಾ ಸಿಲಿಕಾನಿನಲ್ಲಿ ನಾಲ್ಕು ಲಕ್ಷ ಎಲೆಕ್ಟ್ರಾನುಗಳನ್ನು ಎಬ್ಬಿಸಬಲ್ಲದು, ಲೆನ್ಸಿನ ಮುನ್ನೂರೈವತ್ತರ ಎದುರು ಇದು ಹೊಳೆಯಂತೆ. ತೊಡಕು ಬೇರೆ ಕಡೆ. ಆ ಆಲ್ಫಾ ಸಿಲಿಕಾನಿನಲ್ಲಿ ಐದಾರು ಮೈಕ್ರಾನ್ ದಾಟುವಷ್ಟರಲ್ಲಿ ಸುಸ್ತು. ಚಿಪ್ಪಿನ ಮೇಲಿರುವ ರಕ್ಷಣಾ ಗಾಜನ್ನಂತೂ ಅದು ದಾಟುವುದೇ ಇಲ್ಲ, ಬಣ್ಣದ ಲೇಪ ಮತ್ತು ಸೂಕ್ಷ್ಮ ಮಸೂರಗಳೂ ಅದರ ಶಕ್ತಿ ನುಂಗುತ್ತವೆ. ಗಾಜು ಎಬ್ಬಿಸುವಾಗ ಚಿಪ್ಪಿನ ಅಂಚಿನ ಕೂದಲಿಗಿಂತ ತೆಳುವಾದ ತಂತಿಗಳಲ್ಲಿ ಒಂದು ತುಂಡಾದರೂ ಕ್ಯಾಮೆರಾ ಮುಗಿಯಿತು. ಗೆಡೊಲಿನಿಯಂ ಈ ವಿಷಯದಲ್ಲಿ ಒಳ್ಳೆಯದು, ಅದು ಕೊಡುವುದು ಎಲೆಕ್ಟ್ರಾನುಗಳನ್ನಾದ್ದರಿಂದ ಮೇಲಿನ ಪದರಗಳನ್ನು ದಾಟಿ ಒಳಗಿಳಿಯುತ್ತವೆ. ಅರ್ಜೆಂಟೀನಾದ ಬರಿಲೋಚೆಯ ಸಂಶೋಧಕರು ಅಂಗಡಿಯಲ್ಲಿ ಸಿಗುವ ಸೆನ್ಸರಿಗೆ ಗೆಡೊಲಿನಿಯಂ ಪದರ ಜೋಡಿಸಿ ನಿಧಾನ ನ್ಯೂಟ್ರಾನ್ ಹಿಡಿದದ್ದನ್ನು 2018ರಲ್ಲಿ ಪ್ರಕಟಿಸಿದರು. ಎಷ್ಟು ಮಾಡಿದರೂ ನೋಡುವ ಜಾಗ ಚಿಪ್ಪಿನ ಅಗಲದಷ್ಟೇ, ಚಿಪ್ಪು ಪ್ರತಿ ಸಲವೂ ವಿಕಿರಣದ ಎದುರಿಗೇ ಕೂರಬೇಕು.

ನಮ್ಮ ಪೆಟ್ಟಿಗೆಗೂ ಮಿತಿ ಇದೆ. ಮೇಣದಿಂದ ಹೊರಬರುವ ನ್ಯೂಟ್ರಾನುಗಳು ದಿಕ್ಕು ದಿಕ್ಕಿಗೆ ಓಡುತ್ತಿರುತ್ತವೆ. ನೆರಳು ಚೂಪಾಗಬೇಕೆಂದರೆ ಚಿಕ್ಕ ಕಿಂಡಿ, ಅದರಿಂದ ಬಹುದೂರ ಪರದೆ ಬೇಕು. ಕಿಂಡಿಯ ಅಗಲದ ನೂರು ಪಟ್ಟು ದೂರಕ್ಕೆ ಹೋದರೆ ನ್ಯೂಟ್ರಾನ್ ಧಾರೆ ಒಂದು ಲಕ್ಷ ಅರವತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾಲೇಜಿನ ಆಕರಕ್ಕೆ ಅದು ಆಗದ ಮಾತು, ವಸ್ತುವನ್ನು ಪರದೆಗೆ ಒತ್ತಿ ಹಿಡಿದು ನೆರಳು ತೆಗೆಯುವುದೇ ದಾರಿ. ಆ ನಷ್ಟ ತಡೆದುಕೊಳ್ಳುವುದು ರಿಯಾಕ್ಟರುಗಳಿಗೆ ಮಾತ್ರ ಸಾಧ್ಯ. ಟ್ರಾಂಬೆಯ ಧ್ರುವ ರಿಯಾಕ್ಟರಿನ ಒಡಲಲ್ಲಿ ಧಾರೆ ಗರಿಷ್ಠ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 180 ಲಕ್ಷ ಕೋಟಿ. ಅಲ್ಲಿ ನ್ಯೂಟ್ರಾನ್ ಚಿತ್ರಣಕ್ಕೆಂದೇ ಒಂದು ಕಿರಣದ ದಾರಿ ಇದೆ. ಕಲ್ಪಾಕ್ಕಂನಲ್ಲಿ 1996ರಲ್ಲಿ ಕೆಲಸ ಶುರುಮಾಡಿದ ಕಾಮಿನಿ ಬರೀ 30 ಕಿಲೋವ್ಯಾಟಿನ ಪುಟ್ಟ ರಿಯಾಕ್ಟರ್, ಯುರೇನಿಯಂ-233 ಅದರ ಇಂಧನ. ಇಸ್ರೋ ರಾಕೆಟ್ಟುಗಳ ಪೈರೋ ಸಾಧನಗಳಲ್ಲಿ ಲೋಹದ ಕವಚದೊಳಗೆ ಸ್ಫೋಟಕ ಸರಿಯಾಗಿ ತುಂಬಿದೆಯೇ ಎಂದು ಅಲ್ಲಿ ನ್ಯೂಟ್ರಾನ್ ಚಿತ್ರ ತೆಗೆದು ನೋಡಿದ್ದಾರೆ. ಲೋಹವನ್ನು ದಾಟಿ ಹೈಡ್ರೋಜನ್ ಇರುವ ಪುಡಿಯನ್ನು ತೋರಿಸುವುದು ಎಕ್ಸ್-ರೇಗೆ ಸುಲಭವಲ್ಲದ ಕೆಲಸ. ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆಯ ಪ್ರಸಿದ್ಧ ನ್ಯೂಟ್ರಾನ್ ಚಿತ್ರಣ ಕೇಂದ್ರಗಳಲ್ಲೂ ವ್ಯವಸ್ಥೆ ಇದೇ: ಮಿನುಗುಪರದೆ, ಓರೆ ಕನ್ನಡಿ, ಲೆನ್ಸು, ತಂಪಾದ ಕ್ಯಾಮೆರಾ.

ಕಂಡದ್ದು ನ್ಯೂಟ್ರಾನೇ ಹೌದೇ?

ಚುಕ್ಕೆ ಎಣಿಸಿದ ಮಾತ್ರಕ್ಕೆ ಪುರಾವೆ ಸಿಕ್ಕಿತು ಎನ್ನುವಂತಿಲ್ಲ. ಪುಸ್ತಕಗಳು ಇದಕ್ಕೆ ಕ್ಯಾಡ್ಮಿಯಂ ತಗಡು ಅಡ್ಡ ಹಿಡಿಯಲು ಹೇಳುತ್ತವೆ. ಅರ್ಧ ಮಿಲಿಮೀಟರ್ ಇದ್ದರೂ ನಿಧಾನ ನ್ಯೂಟ್ರಾನ್ ನಿಲ್ಲುತ್ತದೆ, ನಿಜ. ಆದರೆ ಕ್ಯಾಡ್ಮಿಯಂ ವಿಷ, ಕತ್ತರಿಸಿದರೆ ಪುಡಿ ಏಳುತ್ತದೆ, ಮೇಲಾಗಿ ನ್ಯೂಟ್ರಾನ್ ನುಂಗಿ ಬಲವಾದ ಗಾಮಾ ಹೊರಬಿಡುತ್ತದೆ. ಅದಕ್ಕೇ ನನಗೆ ಕೇರಂ ಪುಡಿ ಮೆಚ್ಚುಗೆ. ಒತ್ತಿ ತುಂಬಿದ ಅರ್ಧ ಸೆಂಟಿಮೀಟರ್ ಬೋರಿಕ್ ಪುಡಿ ದಾಟುವುದು ನೂರು ನಿಧಾನ ನ್ಯೂಟ್ರಾನಿನಲ್ಲಿ ಐದರ ಆಸುಪಾಸು. ಸಕ್ಕರೆಯನ್ನು ಜೋಡಿಗೆ ಆರಿಸಿದ್ದಕ್ಕೂ ಕಾರಣವಿದೆ. ಎರಡರಲ್ಲೂ ಹೈಡ್ರೋಜನ್ ಸರಿಸುಮಾರು ಒಂದೇ ಮಟ್ಟದಲ್ಲಿದೆ, ಹಾಗಾಗಿ ಚದುರಿಸುವ ಗುಣ ಹತ್ತಿರಹತ್ತಿರ. ಗಾಮಾ ಕಿರಣಕ್ಕೆ ಎರಡೂ ಒಂದೇ. ಬೇರೆ ಇರುವುದು ಬೋರಾನ್ ಮಾತ್ರ. ನಿಮ್ಮ ಚಿತ್ರದಲ್ಲಿ ಎರಡು ಡಬ್ಬಿಗಳೂ ಸಮವಾಗಿ ಕಪ್ಪಾಗಿದ್ದರೆ ನೀವು ಹಿಡಿದದ್ದು ಗಾಮಾವನ್ನೋ ಸೋರಿದ ಬೆಳಕನ್ನೋ ಎಂದು ತಿಳಿಯಿರಿ.

ಡಬ್ಬಿಗಳನ್ನು ಪರದೆಯ ಕಿಟಕಿಗೆ ತಾಗಿಸಿ ಅಕ್ಕಪಕ್ಕ ಇಡಿ, ನಡುವೆ ಒಂದು ಸೆಂಟಿಮೀಟರ್ ಬಯಲು ಬಿಡಿ. ಒಂದು ಗಂಟೆ ಎಣಿಸಿ. ಆಮೇಲೆ ಡಬ್ಬಿಗಳ ಜಾಗ ಅದಲುಬದಲು ಮಾಡಿ ಇನ್ನೊಂದು ಗಂಟೆ, ಪರದೆಯ ಒಂದು ಬದಿ ಮೊದಲೇ ಮಂಕಾಗಿದ್ದರೆ ಅದು ಈಗ ಬಯಲಾಗುತ್ತದೆ. ಮೂರನೆಯ ಗಂಟೆ ಡಬ್ಬಿಗಳಿಲ್ಲದೆ, ನಾಲ್ಕನೆಯದು ಆಕರವನ್ನು ಮುಚ್ಚಿ. ನಾಲ್ಕನೆಯದನ್ನು ಉಳಿದ ಮೂರರಿಂದಲೂ ಕಳೆದು, ಮೊದಲೆರಡನ್ನು ಮೂರನೆಯದರಿಂದ ಭಾಗಿಸಿ. ನಮ್ಮ ಎರಡನೇ ಪೆಟ್ಟಿಗೆಯಲ್ಲಿ ಹೀಗೆ ಭಾಗಿಸಿ ಬಂದ ಚಿತ್ರವನ್ನು ಪ್ರಿಂಟ್ ತೆಗೆದು ಲ್ಯಾಬಿನ ಬಾಗಿಲಿಗೆ ಅಂಟಿಸಿದ್ದೇವೆ. ಎಡಗಡೆ ಮಾಸಲು ಬೂದು ಚೌಕ, ಬಲಗಡೆ ಕಪ್ಪು ಚೌಕ. ಕಪ್ಪು ಚೌಕದ ಮೇಲಿನ ಒಂದು ಮೂಲೆ ಮಾತ್ರ ಬೆಳ್ಳಗಿದೆ: ಪುಡಿ ಒತ್ತುವಾಗ ಅಲ್ಲಿ ಸರಿಯಾಗಿ ತುಂಬಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಅದೇ ಮೂಲೆಯಲ್ಲಿ ಅಷ್ಟೇ ಅಗಲದ ಗುಳಿ ಇತ್ತು.